ಅಟ್ಟ ಸದ್ದು ಮಾಡುತ್ತಿದ್ದ ವರ್ಷ

ಹೋದ ತಿಂಗಳು ಹಂದನಕೆರೆ ಕಡೆ ಇರುವ ನನ್ನ ಅಕ್ಕ ನಾಗಕ್ಕನ ಮನೆಗೆ ಹೋಗಿದ್ದೆ. ಭಾವ ಊರುಗೋಲು ಊರಿಕೊಂಡೇ ನನಗಿಂತ ಮುಂದೆ ನಡೆದು, ಹೊಸ ಕೊಬ್ಬರಿ ಶೆಡ್ಡಿನ ಬಾಗಿಲು ತೆಗೆದು ತೋರಿಸಿದರು. ಕಬ್ಬಿಣದ ಕಂಬ, ಕಬ್ಬಿಣದ ತೊಲೆ, ಅದರ ಮೇಲೆ ಹೊಸ ಅಟ್ಟ. ಬಣ್ಣದ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು. ಮಟ್ಟೆಯೊಳಗೇ ಇದ್ದುಕೊಂಡು ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿಯ ವಾಸನೆ: ಸ್ವಲ್ಪ ಧೂಳು, ಸ್ವಲ್ಪ ಹುಳಿ, ಹಳೇ ಗೋಣಿಚೀಲದ್ದೂ ಒಂದಿಷ್ಟು. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಅದು ತವರಿನ ವಾಸನೆ. ಆ ಒಂದು ವರ್ಷದವರೆಗೆ ನನಗೂ ಹಾಗೇ ಇತ್ತು. ಈಗ ಆ ವಾಸನೆ ಮೂಗಿಗೆ ಬಡಿದರೆ ಮೊದಲು ಕತ್ತೆತ್ತಿ ಮೇಲೆ ನೋಡುತ್ತೇನೆ.

ನಾನು ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ತಂಡದಲ್ಲಿ ಡಿಸೈನರ್. ನಮಗೆ ಆಫೀಸು ಅಂತ ಇಲ್ಲ. ಎಲ್ಲರೂ ಅವರವರ ಊರಿನಲ್ಲಿ ಕೂತು ಕೆಲಸ ಮಾಡುತ್ತೇವೆ. ನಾನಿರುವುದು ತಿಪಟೂರಿನಲ್ಲಿ. ಡಿಸೈನರ್ ಅಂದರೆ ನೆಂಟರೆಲ್ಲ ಬ್ಲೌಸ್ ಹೊಲಿಯುವವಳು ಅಂದುಕೊಳ್ಳುತ್ತಾರೆ. ಬಿಡಿಸಿ ಹೇಳಿ ಹೇಳಿ ಸಾಕಾಗಿ ನಾನೂ ಈಗೀಗ ತಲೆಯಾಡಿಸಿ ಸುಮ್ಮನಾಗುತ್ತೇನೆ.

ಆ ವರ್ಷ ನನ್ನ ಪಾಲಿಗೆ ಬಂದಿದ್ದು ಆಡಿಯೋ ಫಿಲ್ಟರ್‌ಗಳಿಗೆ ಕೀಫ್ರೇಮ್ ಕೂಡಿಸುವ ಕೆಲಸ. ಫಿಲ್ಟರ್ ಎಂದರೆ ಸದ್ದಿಗೆ ಹಿಡಿಯುವ ಜರಡಿ. ಫ್ಯಾನಿನ ಗುಂಯ್‌ಗುಡುವಿಕೆ, ಮೈಕಿಗೆ ಬಡಿಯುವ ಗಾಳಿ, ದೂರದ ಲಾರಿಯ ಗುಡುಗುಡು, ಇವೆಲ್ಲ ಸದ್ದಿನ ತಳದಲ್ಲಿ ಕೂತಿರುತ್ತವೆ. ತಳವನ್ನು ಸೋಸಿ ಚೆಲ್ಲಿದರೆ ಮೇಲಿನ ಮಾತು ತಿಳಿಯಾಗುತ್ತದೆ. ಆದರೆ ನಮ್ಮ ಸಾಫ್ಟ್‌ವೇರಿನಲ್ಲಿ ಆವರೆಗೆ ಒಂದು ವಿಡಿಯೋ ತುಂಡಿಗೆ ಒಂದೇ ಅಳತೆ. ಲಾರಿ ಬಂದು ಹೋದಮೇಲೂ ಜರಡಿ ಅಷ್ಟೇ ಬಿಗಿಯಾಗಿ ಹಿಡಿದು, ಮಾತಿನ ಜೀವವನ್ನೂ ಹೀರಿಬಿಡುತ್ತಿತ್ತು. ಕೀಫ್ರೇಮ್ ಇದ್ದರೆ ಹಾಗಲ್ಲ. ವಿಡಿಯೋದ ಕೆಳಗೆ ಕಾಲದ ಪಟ್ಟಿ ಓಡುತ್ತದಲ್ಲ, ಅದರ ಮೇಲೆ ಇಲ್ಲಿ ಇಷ್ಟು ಸೋಸು, ಅಲ್ಲಿ ಅಷ್ಟು ಸೋಸು ಎಂದು ಪುಟ್ಟ ವಜ್ರದಾಕಾರದ ಗುರುತು ಇಡುತ್ತೀರಿ. ಎರಡು ಗುರುತಿನ ನಡುವಿನದನ್ನು ಸಾಫ್ಟ್‌ವೇರೇ ತುಂಬಿಕೊಳ್ಳುತ್ತದೆ. ಅಕ್ಕನಿಗೆ ಇದನ್ನು ವಿವರಿಸಿದಾಗ ಅವಳು, "ಚುಕ್ಕಿ ನಂದು, ಗೆರೆ ಅದ್ರದ್ದು ಅನ್ನು" ಎಂದಳು. ನಾನು ತಂಡಕ್ಕೆ ಕಳಿಸಿದ ಪುಟಗಟ್ಟಲೆ ವಿವರಣೆಗಿಂತ ಅದು ಚೆನ್ನಾಗಿತ್ತು. ಹೊಟ್ಟೆಕಿಚ್ಚಾಯಿತು.

ಕೇಳಲು ಸುಲಭ, ಮಾಡಲು ಕೂತರೆ ತಲೆನೋವು. ಗುರುತು ಇಲ್ಲದ ಜಾಗದಲ್ಲಿ ಯಾರಾದರೂ ಸೋಸುವ ಅಳತೆ ಬದಲಿಸುವ ಸ್ಲೈಡರ್ ಎಳೆದರೆ ಹೊಸ ಗುರುತು ಹುಟ್ಟಬೇಕೋ, ಇದ್ದ ಗುರುತುಗಳೆಲ್ಲ ಒಟ್ಟಿಗೆ ಸರಿಯಬೇಕೋ? ಗುರುತುಗಳು ಒತ್ತೊತ್ತಾಗಿ ಬಿದ್ದರೆ ಬೆರಳಿಗೆ ಸಿಗುವುದು ಹೇಗೆ? ಇಂಥ ಪ್ರಶ್ನೆಗಳ ಮೇಲೆ ನಮ್ಮ ತಂಡದ ಮುಖ್ಯಸ್ಥ ಅಜಿತನೂ ನಾನೂ ದಿನಗಟ್ಟಲೆ ಜಗಳವಾಡುತ್ತಿದ್ದೆವು. ಜಗಳಕ್ಕೆ ಬೇಕಾದ ಮೌನ ನನ್ನ ಬಾಡಿಗೆ ಮನೆಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಅಂಟಿಕೊಂಡ ಮನೆ ಅದು. ಹಾರ್ನ್ ನಡುವೆ ಕೂತು ಸದ್ದಿನ ಜರಡಿ ಮಾಡುವುದು ಹೇಗೆ? ಬೇಸಿಗೆ ಮುಗಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಿ ಅಕ್ಕನ ಮನೆಗೆ ಹೋದೆ.

ಅಕ್ಕನಿಗೂ ನನ್ನಿಂದ ಕೆಲಸವಿತ್ತು. ಅವಳದ್ದೊಂದು ಅಡುಗೆ ಚಾನೆಲ್ ಇದೆ. ಹುಚ್ಚೆಳ್ಳು ಚಟ್ನಿಪುಡಿ, ಹುರುಳಿಕಾಳಿನ ಬಸ್ಸಾರು, ಕೊಬ್ಬರಿ ಮಿಠಾಯಿ ಎಂದು ವಾರಕ್ಕೊಂದು ವಿಡಿಯೋ ಹಾಕುತ್ತಾಳೆ. ಅಡುಗೆಮನೆಯಲ್ಲಿ ಮಾತಾಡಿದರೆ ಗೋಡೆಯಿಂದ ಗೋಡೆಗೆ ದನಿ ಬಡಿಯುತ್ತದೆ ಎಂದು ಅವಳು ಗ್ಯಾಸ್ ಒಲೆಯನ್ನು ಕೊಬ್ಬರಿ ಶೆಡ್ಡಿಗೆ ಒಯ್ದಿಟ್ಟುಕೊಂಡಿದ್ದಳು. ಹಳೆಯ ಮರದ ಶೆಡ್ಡು. ಮೇಲೆ ಹೆಂಚು, ಹೆಂಚಿನ ಕೆಳಗೆ ಅಟ್ಟ, ಅಟ್ಟದ ತುಂಬ ಸುಲಿಯದ ಕಾಯಿ, ಕೆಳಗೆ ತಂಪಾದ ಗಾರೆ ನೆಲ. ನಾನು ಅಲ್ಲಿ ಮೊದಲ ಸಲ ಮೈಕಿಟ್ಟು ಕೇಳಿದಾಗ ಬೆರಗಾದೆ. ಅಷ್ಟು ಕಾಯಿಯ ಮಟ್ಟೆಯೆಲ್ಲ ಸೇರಿ ಪ್ರತಿಧ್ವನಿಯನ್ನು ಕುಡಿದುಬಿಡುತ್ತಿತ್ತು. ದುಡ್ಡು ಸುರಿದು ಕಟ್ಟಿಸಿದ ಸ್ಟುಡಿಯೋದಲ್ಲೂ ಅಂಥ ಮೆತ್ತನೆ ಮೌನ ಸಿಕ್ಕಿರಲಿಲ್ಲ. ನಾನೂ ಅಲ್ಲೇ ಒಂದು ಮೇಜು ಹಾಕಿಕೊಂಡೆ. ಅವಳು ಅಡುಗೆ ಮಾಡುತ್ತ ಮಾತಾಡುವುದು, ನಾನು ಅದನ್ನೇ ರೆಕಾರ್ಡ್ ಮಾಡಿಕೊಂಡು ನನ್ನ ಫಿಲ್ಟರ್‌ಗಳನ್ನು ಪರೀಕ್ಷಿಸುವುದು. ಇಬ್ಬರಿಗೂ ಲಾಭ.

ಆ ವರ್ಷ ಅಟ್ಟದ ಮೇಲೆ ಎರಡು ವರ್ಷದ ಕಾಯಿ ಇತ್ತು. ನಮ್ಮ ಕಡೆ ಕಾಯಿಯನ್ನು ಕಿತ್ತ ತಕ್ಷಣ ಒಡೆಯುವುದಿಲ್ಲ. ಹಾಗೇ ಅಟ್ಟಕ್ಕೆ ಹಾಕಿ ವರ್ಷ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಕೊಬ್ಬರಿ ಆಯಿತು ಅಂತ ಲೆಕ್ಕ. ಹಿಂದಿನ ವರ್ಷದ್ದು ಆಗಿತ್ತು. ಆದರೆ ಭಾವ ರೇಟು ಏರಲಿ ಎಂದು ಇಳಿಸಿರಲಿಲ್ಲ. ಚಳಿಗಾಲದಲ್ಲಿ ಅದರ ಮೇಲೇ ಹೊಸ ಕಾಯಿ ಸುರಿಸಿದರು. ಆಮೇಲೆ ರೂಢಿಯಂತೆ ಅಟ್ಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಟ್ಟದ ಬಾಯಿ ಮುಚ್ಚಿದರು. ಒಮ್ಮೆ ಮುಚ್ಚಿದರೆ ದೀಪಾವಳಿಯವರೆಗೆ ಅವರ ಮನೆಯಲ್ಲಿ ಯಾರೂ ಮೇಲೆ ಹತ್ತುವಂತಿಲ್ಲ. ನಡುವೆ ಬಾಯಿ ತೆಗೆದರೆ ಕೊಬ್ಬರಿ ಕೌಟು ಹಿಡಿದು ಹಾಳಾಗುತ್ತದೆ ಎಂದು ಭಾವನ ಅಪ್ಪನ ಕಾಲದಿಂದ ನಂಬಿಕೆ. ಮೇಲೆ ಹೆಂಚು ಒಡೆದಿದೆಯೋ, ತೊಲೆಗೆ ಗೆದ್ದಲು ಹತ್ತಿದೆಯೋ, ದೀಪಾವಳಿಗೇ ಗೊತ್ತಾಗಬೇಕು.

ಮೊದಲ ಕೆಲವು ವಾರ ಸುಖವಾಗಿ ಕಳೆದವು. ನನಗೊಂದು ಹಠವಿತ್ತು, ಸ್ಲೈಡರ್ ವಿಷಯದಲ್ಲಿ. ಹಳೆಯ ಸ್ಲೈಡರಿನಲ್ಲಿ ತಳದ ಸದ್ದೆಲ್ಲ ಎಡತುದಿಯ ಬೆರಳಗಲದಲ್ಲೇ ಮುಗಿದುಹೋಗುತ್ತಿತ್ತು. ಕಿವಿ ಅಷ್ಟಾಗಿ ಗಮನಿಸದ ಮೇಲುಸದ್ದಿಗೆ ಮಾತ್ರ ಮಾರುದ್ದ ಜಾಗ. ಕಿವಿ ಕೇಳುವ ರೀತಿಯೇ ಬೇರೆ, ತಳದಲ್ಲಿ ಚೂರು ಸರಿದರೂ ಅದಕ್ಕೆ ದೊಡ್ಡ ವ್ಯತ್ಯಾಸ. ಹಾಗಾಗಿ ತಳಕ್ಕೆ ಹೆಚ್ಚು ಜಾಗ ಕೊಡಬೇಕು ಎಂದು ನನ್ನ ವಾದ. ಅಜಿತ ಕಾಲ್‌ನಲ್ಲಿ ನಕ್ಕ. "ತಳದಲ್ಲಿರೋದೆಲ್ಲ ಗಲೀಜು ಮೇಡಂ. ಚೆಲ್ಲೋ ಗಲೀಜಿಗೆ ಯಾಕೆ ಅಷ್ಟು ಜಾಗ?" ನಾನು ಬಿಡಲಿಲ್ಲ. ನನ್ನ ರೀತಿಯಲ್ಲೇ ಒಂದು ಮಾದರಿ ಮಾಡಿಸಿಕೊಂಡೆ.

ಆ ಮಾದರಿ ಬಂದ ದಿನ ಹೊರಗೆ ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ. ಅಕ್ಕ ಹುಚ್ಚೆಳ್ಳು ಹುರಿಯುತ್ತ ಮಾತಾಡಿದ್ದ ವಿಡಿಯೋ ಹಾಕಿಕೊಂಡು, ಹೆಡ್‌ಫೋನ್ ಕಿವಿಗೇರಿಸಿ, ಸೋಸುವುದನ್ನು ಕಡಿಮೆ ಮಾಡುತ್ತ ಸ್ಲೈಡರನ್ನು ಮೆಲ್ಲಗೆ ಎಡಕ್ಕೆ ಎಳೆದೆ. ಅಕ್ಕನ ದನಿಯ ಕೆಳಗೆ ಒಂದೊಂದೇ ಸದ್ದು ಎದ್ದಿತು. ತೋಟದ ಬೋರ್‌ವೆಲ್ ಮೋಟಾರು. ಚಿಕ್ಕನಾಯಕನಹಳ್ಳಿ ರಸ್ತೆಯ ಲಾರಿ. ಇನ್ನೂ ಎಳೆದೆ. ಎಲ್ಲಕ್ಕಿಂತ ಕೆಳಗಿನಿಂದ ಕರ್‌ರ್ರ್ ಎಂದು ಉದ್ದಕ್ಕೆ ಎಳೆದು, ಕೊನೆಗೆ ಕಟ್ ಎಂದಿತು. ಕಿವಿಗಿಂತ ಹೆಚ್ಚಾಗಿ ದವಡೆಗೆ ತಾಗಿದಂತಾಯಿತು. ಹೆಡ್‌ಫೋನ್ ತೆಗೆದು ಸುತ್ತ ನೋಡಿದೆ. ಶೆಡ್ಡು ಎಂದಿನಂತೆ ಮೆತ್ತಗೆ ಸುಮ್ಮನಿತ್ತು.

ಸಂಜೆ ಭಾವನಿಗೆ ಕೇಳಿಸಿದೆ. ಅವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು, ಕಣ್ಣುಮುಚ್ಚಿ, ಖುಷಿಯಾಗಿ ನಕ್ಕರು.

"ಅದು ಕಾಯಿ ಕಣಮ್ಮ. ಒಳಗಡೆ ಉಂಡೆ ಚಿಪ್ಪು ಬಿಡ್ತಾ ಐತೆ. ನಮ್ಮಪ್ಪ ಹೇಳೋರು, ಅಟ್ಟ ಮಾತಾಡಿದ್ರೆ ಒಳ್ಳೆ ವರ್ಷ ಅಂತ. ಪರವಾಗಿಲ್ವೇ, ನಿನ್ ಕಂಪ್ಯೂಟ್ರು ಕಾಯಿ ಮಾತೂ ಕೇಳ್ತೈತಲ್ಲ!"

ಅವರ ಖುಷಿ ನನಗೂ ಅಂಟಿತು. ಕಾಯಿಯ ಮಾತನ್ನು ಹಿಡಿದೆ ಎಂದು ಅಜಿತನಿಗೂ ಜಂಬ ಕೊಚ್ಚಿಕೊಂಡೆ. ಅಲ್ಲಿಗೆ ಅದು ಮುಗಿಯಬೇಕಿತ್ತು.

ಮುಗಿಯದಂತೆ ಮಾಡಿದ್ದು ನನ್ನ ಕೆಲಸವೇ. ಕೆಲವು ತಿಂಗಳಾದಮೇಲೆ, ಗುರುತುಗಳು ಒತ್ತೊತ್ತಾಗಿ ಬಿದ್ದಾಗ ಪರದೆಯ ಮೇಲೆ ಹೇಗೆ ಕಾಣುತ್ತವೆ ಎಂದು ನೋಡಬೇಕಿತ್ತು. ಅದಕ್ಕೊಂದು ಉದ್ದನೆಯ ಮಾದರಿ ಬೇಕು. ಅಕ್ಕನ ಅಲ್ಲಿಯವರೆಗಿನ ವಿಡಿಯೋಗಳನ್ನೆಲ್ಲ ಬಂದ ಕ್ರಮದಲ್ಲೇ ಒಂದರ ಹಿಂದೊಂದು ಜೋಡಿಸಿದೆ. ಫಿಲ್ಟರನ್ನು ತಿರುಗಿಸಿ ಮಾತನ್ನೇ ಚೆಲ್ಲಿ ತಳವನ್ನು ಮಾತ್ರ ಉಳಿಸಿಕೊಂಡೆ. ಕರ್‌ರ್ರ್ ಕಟ್ ಎಂದಲ್ಲೆಲ್ಲ ಒಂದೊಂದು ವಜ್ರದ ಗುರುತು ಇಟ್ಟೆ. ಇಡುವಾಗ ನನ್ನ ಗಮನವೆಲ್ಲ ಗುರುತು ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದಿರಬೇಕು ಎನ್ನುವುದರ ಮೇಲೆ. ಎಲ್ಲ ಇಟ್ಟಾದಮೇಲೆ ಪಟ್ಟಿಯನ್ನು ಪೂರ್ತಿ ಕುಗ್ಗಿಸಿ ಒಟ್ಟಿಗೆ ನೋಡಿದೆ.

ಎಡಗಡೆ ಅಲ್ಲೊಂದು ಇಲ್ಲೊಂದು ಗುರುತು. ಬಲಕ್ಕೆ ಬಂದಂತೆ ಅವು ಹತ್ತಿರ ಹತ್ತಿರ ಸರಿಯುತ್ತ ಹೋಗಿದ್ದವು. ಕೊನೆಯ ವಿಡಿಯೋದಲ್ಲಿ ಒಂದರ ಹೆಗಲಿಗೊಂದು ತಾಗಿಕೊಂಡಿದ್ದವು.

ಕಾಯಿ ಒಣಗುವುದಾದರೆ ಹೊಸದೂ ಹಳೆಯದೂ ಬೇರೆ ಬೇರೆ ಹೊತ್ತಿಗೆ, ಮನಸ್ಸು ಬಂದಂತೆ ಸದ್ದು ಮಾಡಬೇಕು. ಇದು ಹಾಗಿರಲಿಲ್ಲ. ಸದ್ದೆಲ್ಲ ಒಂದೇ ಕಡೆಯಿಂದ ಬರುತ್ತಿತ್ತು, ಒಂದೇ ಗಂಟಲಿನಿಂದ. ನಾನು ಕೂತಿದ್ದ ಕುರ್ಚಿಯ ನೇರ ಮೇಲಕ್ಕೆ, ಅಡಿಕೆಮರದ ಸೀಳಿನ ದಬ್ಬೆ ಹೊದಿಸಿದ ಅಟ್ಟದ ಕೆಳಗೆ, ಅಡ್ಡಕ್ಕೆ ಒಂದು ದಪ್ಪ ತೊಲೆ ಹಾದುಹೋಗಿತ್ತು. ಅದರ ನಡುವಿಗೆ ಹೊಗೆ ಹಿಡಿದು ಕಪ್ಪಾಗಿತ್ತು. ಅದು ನಡುವಿನಲ್ಲಿ ಬಾಗಿದೆಯೋ, ಮೊದಲಿನಿಂದಲೂ ಹಾಗೇ ಇತ್ತೋ, ಎಷ್ಟು ನೋಡಿದರೂ ನಿರ್ಧಾರವಾಗಲಿಲ್ಲ.

ಕೂಡಲೇ ಭಾವನ ಹತ್ತಿರ ಹೋದೆ. ಲ್ಯಾಪ್‌ಟಾಪ್ ತೆಗೆದು ಗುರುತುಗಳನ್ನು ತೋರಿಸಿದೆ. ಅವರು ತೋಟದಲ್ಲಿ ಬಿದ್ದ ಗರಿ ಎಳೆದು ಹಾಕುತ್ತಿದ್ದರು. ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

"ನೋಡಮ್ಮ, ಆ ತೊಲೆ ನಮ್ಮಪ್ಪ ಹಾಕ್ಸಿದ್ದು. ನನ್ ಮದ್ವೇಲಿ ಅದ್ರ ಮೇಲೆ ಜನ ಮಲ್ಗಿದ್ರು. ಏನೂ ಆಗಲ್ಲ ಬುಡು."

"ಒಂದ್ಸಲ ಮೇಲೆ ಹತ್ತಿ ನೋಡಿ ಭಾವ. ಹಳೇ ಕಾಯಿ ಮಾತ್ರ ಇಳಿಸಿ."

"ದೀಪಾವಳಿ ಬಂದೇಬಿಡ್ತಲ್ಲ. ಈಗ ಬಾಯಿ ತೆಗೆದು ಅಷ್ಟೂ ಕೌಟಾದ್ರೆ ಯಾರ್ ಹೊಣೆ, ನಿನ್ ಕಂಪ್ಯೂಟ್ರಾ?"

ಮತ್ತೆ ಗರಿ ಎಳೆಯತೊಡಗಿದರು. ನಾನು ವಾಪಸ್ಸು ಬಂದೆ. ಮೇಜನ್ನು ಶೆಡ್ಡಿನಿಂದ ಜಗುಲಿಗೆ ಎಳೆದುಕೊಂಡೆ. ಅಕ್ಕ ಮಾತ್ರ ಒಲೆ ಎತ್ತಲಿಲ್ಲ.

"ಜಗುಲೀಲಿ ಮಾಡಕ್ಕ. ಸದ್ದು ಬಂದರೆ ನಾನು ತೆಗೀತೀನಿ."

"ಇರ್ಲಿ ಕಣೇ, ಇಲ್ಲೇ ಚೆನ್ನಾಗೈತೆ."

ಅಷ್ಟೇ. ಅಕ್ಕನ ಮೊಂಡುತನ ನನಗೆ ಹೊಸದಲ್ಲ. ಚಿಕ್ಕವರಿದ್ದಾಗ ಅವಳು ಮುನಿಸಿಕೊಂಡರೆ ಊಟಕ್ಕೆ ಕರೆದವರು ಸೋಲುತ್ತಿದ್ದರೇ ಹೊರತು ಅವಳು ಸೋಲುತ್ತಿರಲಿಲ್ಲ. ಆದರೂ ಈ ಸಲದ್ದು ಬರೀ ಮೊಂಡುತನ ಅನ್ನಿಸಲಿಲ್ಲ. ಕಾರಣ ನನಗೆ ಸಿಕ್ಕಿದ್ದು ಮತ್ತೊಂದು ಫಿಲ್ಟರಿನಿಂದ. ಅದಕ್ಕೆ ಗೇಟ್ ಅನ್ನುತ್ತೇವೆ. ಯಾರೂ ಮಾತಾಡದೆ ಇರುವ ಹೊತ್ತಿನಲ್ಲಿ ಸದ್ದಿಗೆ ಬಾಗಿಲು ಹಾಕಿ, ಮಾತು ಶುರುವಾದಾಗ ತೆಗೆಯುವುದು ಅದರ ಕೆಲಸ. ಅದಕ್ಕೂ ಕೀಫ್ರೇಮ್ ಕೂಡಿಸಿ, ಅಕ್ಕನ ವಿಡಿಯೋಗಳ ಮೇಲೆ ಹಾಕಿ ನೋಡುತ್ತಿದ್ದೆ. ತೊಲೆಯ ಸದ್ದೆಲ್ಲ ಮಾಯವಾಯಿತು. ಒಂದೂ ಉಳಿಯಲಿಲ್ಲ. ಅಂದರೆ ಆ ಸದ್ದು ಬಂದಾಗಲೆಲ್ಲ ಅಕ್ಕ ಸುಮ್ಮನಿರುತ್ತಿದ್ದಳು.

ಕಾಕತಾಳೀಯ ಇರಬಹುದು ಅಂದುಕೊಂಡು ಫಿಲ್ಟರ್ ತೆಗೆದು, ಅವಳ ಮುಖ ನೋಡುತ್ತ ಮತ್ತೆ ಕೇಳಿದೆ. "ಈಗ ಒಂದ್ ಹಿಡಿ ಒಣಮೆಣಸಿನಕಾಯಿ..." ಎನ್ನುತ್ತಿರುವಾಗ ಕರ್‌ರ್ರ್ ಶುರುವಾಗುತ್ತದೆ. ಅಕ್ಕನ ಮಾತು ನಿಲ್ಲುತ್ತದೆ. ಕೈಯಲ್ಲಿನ ಸೌಟು ಬಾಣಲೆಯ ಮೇಲೆ ನಿಲ್ಲುತ್ತದೆ. ಕಟ್ ಎನ್ನುತ್ತದೆ. ಅಕ್ಕ ಉಸಿರು ಬಿಟ್ಟು, "...ಹಾಕ್ಕೊಂಡು ಘಮ್ ಅನ್ನೋವರೆಗೂ ಹುರೀಬೇಕು" ಎಂದು ನಗುತ್ತಾಳೆ. ಪ್ರತಿ ವಿಡಿಯೋದಲ್ಲೂ ಹೀಗೇ. ನೋಡುವವರು ಅವಳು ನೆನಪು ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗಿತ್ತು.

ಹೆಡ್‌ಫೋನ್ ಇಲ್ಲದೆ, ಸ್ಲೈಡರ್ ಇಲ್ಲದೆ, ಅವಳಿಗೆ ಕೇಳಿಸುತ್ತಿತ್ತು. ನನಗೆ ತೊಲೆಗಿಂತ ಹೆಚ್ಚು ಭಯವಾಗಿದ್ದು ಆಗ.

ಮಧ್ಯಾಹ್ನ ಅವಳು ಅಲಸಂದೆ ಕಾಳು ಬಿಡಿಸುತ್ತ ಕೂತಿದ್ದಾಗ ನೇರವಾಗಿ ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಮದ್ವೆ ಆಗಿ ಬಂದಾಗಿಂದ ಈ ಅಟ್ಟದ ಕೆಳಗೇ ಓಡಾಡ್ತಾ ಇದೀನಿ. ಕಾಯಿ ಸದ್ದು ಯಾವ್ದು, ಮರದ ಸದ್ದು ಯಾವ್ದು ಅಂತ ನಂಗೆ ಗೊತ್ತಾಗಲ್ವೇನೇ?"

"ಭಾವಂಗೆ ಹೇಳಿದ್ಯಾ?"

"ಹೇಳ್ದೆ, ಯುಗಾದಿಗ್ ಮುಂಚೆನೇ. ನಿನ್ ಚಾನೆಲ್‌ಗೋಸ್ಕರ ಅಟ್ಟ ಖಾಲಿ ಮಾಡ್ಲಾ ಅಂದ್ರು. ಆಮೇಲೆ ನಾನು ಬಾಯಿ ಬಿಡ್ಲಿಲ್ಲ."

"ಮತ್ತೆ ಅಲ್ಲೇ ಯಾಕಕ್ಕ ಕೂರ್ತೀಯ? ನಿಂಗೆ ಜೀವದ ಮೇಲೆ ಆಸೆ ಇಲ್ವಾ?"

ಅಲಸಂದೆ ಸಿಪ್ಪೆಯನ್ನು ಮೊರದಿಂದ ಆಚೆ ತಳ್ಳಿ ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ದೀಪಾವಳಿ ಕಳೀತಿದ್ದಂಗೆ ಕಾಯಿ ಸುಲಿಯೋರು ಬತ್ತಾರೆ. ಆ ಹೆಂಗಸರೆಲ್ಲ ಅದ್ರ ಕೆಳಗೇ ಕೂತ್ಕೊಂಡು ಕೊಬ್ಬರಿ ಬಿಡಿಸ್ತಾರೆ. ನಾನೂ ಎದ್ ಹೋದ್ರೆ ಆ ಸದ್ದು ಕೇಳೋರೇ ಇರಲ್ಲ ಕಣೇ. ಒಬ್ರಾದ್ರೂ ಕೇಳ್ತಿರ್ಲಿ. ಜಾಸ್ತಿ ಆದ್ರೆ ಎದ್ ಬತ್ತೀನಿ, ಬುಡು."

ಜಾಸ್ತಿ ಎಂದರೆ ಎಷ್ಟು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ಗುರುತುಗಳ ನಡುವೆ ಏನಾಗುತ್ತದೆ ಎನ್ನುವುದು ನನ್ನ ಸಾಫ್ಟ್‌ವೇರಿಗೆ ಗೊತ್ತಿರುತ್ತದೆ. ಯಾಕೆಂದರೆ ಮುಂದಿನ ಗುರುತು ಎಲ್ಲಿದೆ ಎಂದು ಅದಕ್ಕೆ ಮೊದಲೇ ಗೊತ್ತು. ನಮಗೆ ಹಿಂದಿನ ಗುರುತುಗಳು ಮಾತ್ರ ಇದ್ದವು.

ಆಮೇಲೆ ದೀಪಾವಳಿಗೆ ಮುಂಚಿನ ಚಿತ್ತೆ ಮಳೆ ಹಿಡಿಯಿತು. ಒಣ ಗುಡ್ಡಗಳ ನಮ್ಮ ಸೀಮೆಯಲ್ಲಿ ಮಳೆ ಬಂದರೆ ಜನ ಹಿಗ್ಗುತ್ತಾರೆ. ರಾಗಿ ಹೊಲದ ಕಡೆಯಿಂದ ಬಂದವರೆಲ್ಲ ನಗುತ್ತಲೇ ಜಗುಲಿ ಹತ್ತುತ್ತಿದ್ದರು. ನಾನೊಬ್ಬಳು ಮುಖ ಗಂಟಿಕ್ಕಿಕೊಂಡು ಶೆಡ್ಡಿನ ಹೆಂಚು ನೋಡುತ್ತ ಕೂರುತ್ತಿದ್ದೆ. ಮೂಲೆಯಲ್ಲಿ ಎಲ್ಲೋ ಸೋರುತ್ತಿತ್ತು. ಗೋಡೆಯ ಮೇಲೆ ಕಂದು ನೀರು ಗೆರೆ ಎಳೆದುಕೊಂಡು ಇಳಿದಿತ್ತು. ಮಟ್ಟೆ ನೀರು ಕುಡಿದರೆ ಎಷ್ಟು ತೂಕ ಏರುತ್ತದೆ ಎಂದು ಯೋಚಿಸಿ ಯೋಚಿಸಿ ನನ್ನ ಕೆಲಸ ಹಾಳಾಯಿತು. ಅಜಿತ ಕಾಲ್ ಮಾಡಿ, ಹೊಸ ವಿಡಿಯೋ ಸೇರಿಸಿದ ಕೂಡಲೇ ತಳ ತಾನಾಗಿಯೇ ಸೋಸಿಹೋಗುವಂತೆ ಮಾಡಿಬಿಡೋಣ, ಬಳಸುವವರಿಗೆ ಅದೇ ಇಷ್ಟ ಎಂದ. ನಾನು ಅವನ ಮೇಲೆ ಕಿರುಚಿಬಿಟ್ಟೆ. ಪಾಪ, ಅವನಿಗೇನು ಗೊತ್ತು.

ಮಳೆ ಬಿಟ್ಟ ದಿನ, ಊಟದ ಹೊತ್ತಿಗೆ ಮುಂಚೆ, ಅಕ್ಕ ಕೊಬ್ಬರಿ ಮಿಠಾಯಿ ಮಾಡಲು ಶೆಡ್ಡಿಗೆ ಹೋದಳು. ಬೇಡ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನನ್ನು ಸರಿಸಿ ಒಳಗೆ ಹೋಗಿ ಒಲೆ ಹಚ್ಚಿ ಮೈಕು ಹಾಕಿದಳು, ಇಬ್ಬರ ದನಿಯೂ ಏರಿತು. ಜಗುಲಿಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದ ಭಾವ ಎದ್ದು ಬಂದರು. ಆವತ್ತು ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು.

"ಏನ್ ನಿಮ್ಮಿಬ್ರದ್ದು ದಿನಾ? ನನ್ ಅಟ್ಟ ಬಿದ್ದೋಗ್ತೈತೆ ಅಂತ ಊರೆಲ್ಲ ಸಾರ್ತೀರಾ? ಬಾ, ತೋರಿಸ್ತೀನಿ, ಸದ್ದು ಮಾಡ್ತಿರೋದು ಕಾಯೋ ತೊಲೆಯೋ ಅಂತ. ರೂಢಿ ಹಾಳಾಗ್ಲಿ, ಇವತ್ತು ಬಾಯಿ ತೆಗೆದೇಬಿಡ್ತೀನಿ."

ಏಣಿ ಚಾಚಿದರು. ನಾನು ಬೇಡ ಅಂದೆ, ಅಕ್ಕ ಬೇಡ ಅಂದಳು. ಎಷ್ಟು ದಿನದಿಂದ ಮೇಲೆ ಹತ್ತಿ ನೋಡಿ ಎಂದು ಗೋಗರೆದವಳೇ ನಾನು. ಈಗ ಹತ್ತಬೇಡಿ ಎಂದು ಕೂಗುತ್ತಿದ್ದೆ. ಅವರು ಅಟ್ಟದ ಬಾಯಿಯ ಹಲಗೆ ಸರಿಸಿ ಒಳಗೆ ನುಸುಳಿದರು. ಒಲೆಯ ಹತ್ತಿರ ನಿಲ್ಲಿಸಿದ್ದ ಮೈಕು ಅಷ್ಟು ಹೊತ್ತಿಗೆ ಚಾಲೂ ಇತ್ತು. ನಾನು ಮತ್ತೇನೂ ತೋಚದೆ ಅದಕ್ಕೆ ಜೋಡಿಸಿದ್ದ ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ಫಿಲ್ಟರ್ ಹಾಕಿರಲಿಲ್ಲ, ತಳದ ಸದ್ದೆಲ್ಲ ಬರುತ್ತಿತ್ತು.

ಭಾವ ಕಾಯಿಯ ಮೇಲೆ ಮಂಡಿಯೂರಿ ಸರಿಯುವುದು ಕೇಳಿಸಿತು. ಅವರು ಕಾಯಿಯ ರಾಶಿಯ ನಡುವಿಗೆ ಹೋಗುತ್ತಿದ್ದರು. ಕೊಬ್ಬರಿ ಮಾಡುವವರಿಗೆ ಅದು ಕೈಗಂಟಿದ ಅಭ್ಯಾಸ. ಅಂಚಿನ ಕಾಯಿಯನ್ನು ಯಾರೂ ನಂಬುವುದಿಲ್ಲ, ನಡುವಿನ ಕಾಯಿಯನ್ನೇ ಎತ್ತಿ ಅಲ್ಲಾಡಿಸಿ ನೋಡುತ್ತಾರೆ. ಕರ್‌ರ್ರ್ ಶುರುವಾಯಿತು. ನಾನು ಕಟ್ ಎನ್ನುವುದಕ್ಕೆ ಕಾದೆ. ಅದು ಬರಲಿಲ್ಲ. ಕರ್‌ರ್ರ್ ನಿಲ್ಲದೆ ಹಾಗೇ ಎಳೆಯುತ್ತಲೇ ಹೋಯಿತು. ಅದರ ಮೇಲೆ ಸರಸರ ಎಂದು ಸಣ್ಣ ಮಣ್ಣು ಉದುರುವ ಸದ್ದು.

ಅಕ್ಕ ಗ್ಯಾಸ್ ಆರಿಸಿ ಎದ್ದಳು. ನಾನು ಅವಳ ರಟ್ಟೆ ಹಿಡಿದು ಬಾಗಿಲಿಗೆ ಎಳೆದೆ. ಅವಳು ಹೊಸ್ತಿಲಲ್ಲಿ ಕಾಲೂರಿ ನಿಂತು ಮೇಲಕ್ಕೆ ಕೂಗಿದಳು.

"ರೀ, ಇಳೀರಿ! ಗೋಡೆ ಕಡೆಗ್ ಬನ್ರೀ!"

ಮೇಲಿಂದ ಭಾವನ ದನಿ ಬಂತು, ಗೆದ್ದವರ ದನಿ. "ಕೇಳಿಸ್ತೇನೇ? ಲೊಡಲೊಡ ಅಂತೈತೆ ನೋಡು. ಹೊಸಾ ಕಾಯೂ ಆಗೋಗೈತೆ!"

ನನಗೆ ಅದೂ ಕೇಳಿಸಿತು. ಕಾಯಿಯೊಳಗಿನ ಉಂಡೆ ಲೊಡಲೊಡ ಎನ್ನುತ್ತಿತ್ತು. ಆಮೇಲೆ ತೊಲೆ ಮುರಿಯಿತು.

ಆ ಸದ್ದನ್ನು ಬರೆಯಲು ನನ್ನಿಂದಾಗದು. ಹೆಡ್‌ಫೋನ್ ಕಿತ್ತೆಸೆದೆ ಅಂತ ಮಾತ್ರ ನೆನಪಿದೆ. ಕಾಯಿ ಹೊಳೆಯ ಹಾಗೆ ಬಾಗಿಲಿನಿಂದ ಆಚೆಗೆ ಉರುಳಿ ಬಂದವು, ನಮ್ಮ ಕಾಲಿಗೆ ಬಡಿದು ಅಂಗಳಕ್ಕೆ ಹರಡಿದವು. ಧೂಳು ಅಡಗಿದಾಗ ಅಕ್ಕ ಆಗಲೇ ಕಾಯಿಯ ರಾಶಿಯ ಮೇಲೆ ಹತ್ತಿ ಎರಡೂ ಕೈಯಲ್ಲಿ ಕಾಯಿ ಬಾಚಿ ಹಿಂದಕ್ಕೆ ಎಸೆಯುತ್ತಿದ್ದಳು. ನೆರೆಯ ತೋಟದಿಂದ ಜನ ಓಡಿ ಬಂದರು. ಭಾವನ ಎದೆಯವರೆಗೆ ಕಾಯಿ ಮುಚ್ಚಿತ್ತು, ತೊಡೆಯ ಮೇಲೆ ಮುರಿದ ತೊಲೆಯ ತುಂಡು ಬಿದ್ದಿತ್ತು. ಪ್ರಜ್ಞೆ ಇತ್ತು. ಬಾಯಲ್ಲಿ ಒಂದೇ ಮಾತು: "ನೀನ್ ಎಲ್ಲಿದ್ದೀಯೇ?" ಅಕ್ಕ, "ಇಲ್ಲೇ ಇದೀನಿ, ಇಲ್ಲೇ" ಎಂದು ಹೇಳುತ್ತಲೇ ಕಾಯಿ ಎಸೆಯುತ್ತಿದ್ದಳು. ಅವರಿಗೆ ಅದು ಕೇಳಿಸುತ್ತಿರಲಿಲ್ಲವೋ ಏನೋ, ಮತ್ತೆ ಮತ್ತೆ ಅದನ್ನೇ ಕೇಳಿದರು.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಯಾರೋ ರಾಶಿಯ ಅಡಿಯಿಂದ ಗ್ಯಾಸ್ ಒಲೆ ಎಳೆದು ತೆಗೆದರು. ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗಿತ್ತು. ಅದರ ಹಿಂದೆ ಅಕ್ಕ ಕೂರುತ್ತಿದ್ದ ಮಣೆಯ ಚೂರುಗಳು. ತೊಲೆಯ ಮುರಿದ ಬಾಯಲ್ಲಿ ಒಳಗಡೆ ಮರವೇ ಇರಲಿಲ್ಲ, ಬರೀ ಗೆದ್ದಲು ಮಣ್ಣು. ಹೊರಗಿನ ತೊಗಟೆಯಷ್ಟು ದಪ್ಪದ ಮರವೊಂದು ಎರಡು ವರ್ಷದ ಕಾಯಿಯನ್ನು ಅಷ್ಟು ದಿನ ಹೊತ್ತಿತ್ತು. ನಾನು ಅಂಗಳದಲ್ಲಿ ಕೂತು ಅತ್ತೆ. ಅಕ್ಕ ಉಳಿದಳಲ್ಲ ಎಂದು ಅತ್ತದ್ದೋ, ಸಿಟ್ಟಿಗೆ ಅತ್ತದ್ದೋ ಹೇಳಲಾರೆ.

ಭಾವ ತಿಂಗಳುಗಟ್ಟಲೆ ಮಲಗಿದ್ದು ಎದ್ದರು, ಊರುಗೋಲು ಕೈಗೆ ಬಂತು. ನನ್ನ ಕೀಫ್ರೇಮ್ ಕೆಲಸವೂ ಮುಗಿಯಿತು. ತಳಕ್ಕೆ ಹೆಚ್ಚು ಜಾಗ ಕೊಟ್ಟ ಸ್ಲೈಡರೇ ಉಳಿಯಿತು. ಬಳಸುವವರು ತಾವಾಗಿ ಕೇಳದ ಹೊರತು ಸಾಫ್ಟ್‌ವೇರು ತಳದ ಸದ್ದನ್ನು ಚೆಲ್ಲುವುದಿಲ್ಲ. ಅದಕ್ಕೆ ಈಗಲೂ ದೂರುಗಳು ಬರುತ್ತವೆ: ಗುಂಯ್ ಅನ್ನುತ್ತೆ, ಗುಡುಗುಡು ಅನ್ನುತ್ತೆ, ಮೊದಲೇ ತೆಗೆದು 'ಕ್ಲೀನ್' ಮಾಡಿ ಕೊಡಬಾರದಾ ಅಂತ. ಅಜಿತ ಅವನ್ನು ನನಗೇ ಕಳಿಸುತ್ತಾನೆ. ನಾನು ಸ್ಲೈಡರ್ ಎಲ್ಲಿದೆ ಎಂದು ತೋರಿಸಿ ಉತ್ತರ ಬರೆಯುತ್ತೇನೆ.

ಹೋದ ತಿಂಗಳು ಹೊಸ ಶೆಡ್ಡು ತೋರಿಸುವಾಗ ಭಾವ ಊರುಗೋಲಿನಿಂದ ಕಬ್ಬಿಣದ ಕಂಬಕ್ಕೆ ಟಣ್ ಎಂದು ಬಡಿದರು. "ನೋಡಮ್ಮ, ಒಂದ್ ಚೂರಾದ್ರೂ ಸದ್ದೈತಾ? ನಿನ್ ಕಂಪ್ಯೂಟ್ರು ತಂದಿದ್ರೆ ಹಾಕ್ಕೊಂಡ್ ಕೇಳು, ಬೇಕಾದ್ರೆ." ಹೆಮ್ಮೆ ಅವರ ಮುಖದಲ್ಲಿ ಹೊಳೆಯುತ್ತಿತ್ತು. ಕತ್ತೆತ್ತಿ ನೋಡಿದೆ. ಅಟ್ಟ ಸೂರಿನವರೆಗೂ ತುಂಬಿತ್ತು. ಹಳೆಯ ಅಟ್ಟದಲ್ಲಿ ನಾನು ಯಾವತ್ತೂ ಅಷ್ಟು ಕಾಯಿ ನೋಡಿರಲಿಲ್ಲ.

ನಾನು ನಿಜಕ್ಕೂ ಕೇಳಿದೆ. ಭಾವ ಆಚೆ ಹೋದಮೇಲೆ ಮೈಕಿಟ್ಟು, ಹೆಡ್‌ಫೋನ್ ಹಾಕಿ, ಸ್ಲೈಡರನ್ನು ಎಡತುದಿಯವರೆಗೂ ಎಳೆದೆ. ಬೋರ್‌ವೆಲ್ ಮೋಟಾರು. ರಸ್ತೆಯ ಲಾರಿ. ಅದರ ಕೆಳಗೆ ಏನೂ ಇಲ್ಲ. ತುಂಬ ಹೊತ್ತು ಕಾದೆ, ಏನೂ ಇಲ್ಲ.

ಅಕ್ಕ ಶೆಡ್ಡಿನಲ್ಲಿರಲಿಲ್ಲ. ಅಂಗಳದಾಚೆ ಹೊಂಗೆಮರದ ಕೆಳಗೆ ಒಲೆ ಹೂಡಿಕೊಂಡು ವಿಡಿಯೋ ಮಾಡುತ್ತಿದ್ದಳು. ಗಾಳಿ ಬುಸುಗುಡುತ್ತಿತ್ತು, ಕುರಿಮಂದೆಯೊಂದು ಗಂಟೆ ಅಲ್ಲಾಡಿಸುತ್ತ ಬೇಲಿಯ ಪಕ್ಕ ಹಾದುಹೋಗುತ್ತಿತ್ತು. ಅಷ್ಟೆಲ್ಲ ಗದ್ದಲದ ನಡುವೆ ಅವಳು ನಿಲ್ಲಿಸದೆ ಮಾತಾಡುತ್ತಿದ್ದಳು. ನನ್ನನ್ನು ಕಂಡು ಕ್ಯಾಮೆರಾ ಆರಿಸಿದಳು.

"ಒಳಗೆ ಕೂತರೆ ಎಷ್ಟು ಚೆನ್ನಾಗಿರುತ್ತೆ ಅಕ್ಕ. ಗಟ್ಟಿ ಶೆಡ್ಡು, ಒಂದು ಸದ್ದಿಲ್ಲ."

"ಕೇಳಿದ್ಯಾ ನೀನು? ಪೂರ್ತಿ ಕೆಳಗಿಂದು?"

"ಕೇಳಿದೆ. ಏನೂ ಇಲ್ಲ."

ಅಕ್ಕನ ಕೈಯ ಸೌಟು ಬಾಣಲೆಯ ಮೇಲೆ ನಿಂತಿತು. "ಆ ಮರದ ತೊಲೆ ಬೀಳೋಕ್ ಮುಂಚೆ ವರ್ಷವೆಲ್ಲ ಹೇಳ್ತು ಕಣೇ. ಈ ಕಬ್ಬಿಣದ್ದು ಹೇಳಲ್ಲ."

ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಕಾಯಿ ಹೊರುವವರಿಗೆ ಭಾವ ಒಳಗಿನಿಂದ ಕೂಗಿ ಹೇಳುತ್ತಿದ್ದರು, "ಇನ್ನೊಂದ್ ಲೋಡ್ ಹಾಕ್ರಪ್ಪ, ಹಿಡಿಸ್ತೈತೆ."